ಅಜ್ಜಿಯ ಹೆಸರಿನ ಚಟ್ನಿಪುಡಿ

ಹಿರಿಯೂರಿನ ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ. ಆನ್‌ಲೈನ್ ಅಡುಗೆ ಚರ್ಚೆಯ ಗುಂಪೊಂದರಲ್ಲಿ ಯಾರೋ, ತಮ್ಮ ಚಟ್ನಿಪುಡಿಗೆ ಘಮವೇ ಬರುತ್ತಿಲ್ಲ ಎಂದು ಅಲವತ್ತುಕೊಂಡಿದ್ದರು. ‘ನಮ್ಮಜ್ಜಿ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಹುರಿದು ಕುಟ್ಟುತ್ತಿದ್ದರು’ ಎಂದು ಬರೆದು, ಕೆಳಗೆ ನನ್ನ ಫೋನ್ ನಂಬರ್ ಹಾಕಿದೆ. ಹೊಸದುರ್ಗ, ಹೊಳಲ್ಕೆರೆಯಿಂದಲೂ ಆರ್ಡರ್ ಬಂದವು.

ನಮ್ಮಜ್ಜಿ ಚಟ್ನಿಪುಡಿ ಕುಟ್ಟಿದ್ದನ್ನು ನಾನು ಕಂಡೇ ಇಲ್ಲ. ಸಿಪ್ಪೆಯ ಗುಟ್ಟು ಕಲಿಸಿದವರು ಪಕ್ಕದ ಮನೆಯ ಹಿರಿಯ ಹೆಂಗಸು. ಆದರೆ ಅಜ್ಜಿ ಎಂದರೆ ಜನ ಬೇಗ ಕೊಳ್ಳುತ್ತಾರಲ್ಲ, ನನ್ನ ದರಿದ್ರ ಬುದ್ಧಿ!

ಇವತ್ತು ಆ ಪಕ್ಕದ ಮನೆಯವರಿಗೆ ಅವರ ಸೊಸೆ ನಾನು ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿದಳಂತೆ. ಅತ್ತೆಯೇ ಓಡೋಡಿ ಬಂದರು. ಮುಖದ ತುಂಬ ನಗು.

“ನಿಮ್ಮಜ್ಜಿನೂ ನನ್ನಂಗೇ ಹುರೀತಿದ್ರೇನವ್ವಾ? ಒಂದ್ಸಲನೂ ಹೇಳ್ಲೇ ಇಲ್ಲ ನೋಡು!”

ನಾನು ಹೂಂ ಎಂದುಬಿಟ್ಟೆ.