ಹಡಗಿನ ಗಂಟೆಗೆ ಅಪ್ಪ ಹೆಣೆದ ಹಗ್ಗ

ಬಟ್ಟೆ ಒಣಹಾಕುವ ಹಗ್ಗ ಕಿತ್ತುಹೋಗಿತ್ತು. ಹೊಸದು ತರಲು ಇವತ್ತು ಮಾಮೂಲ್‌ಪೇಟೆಗೆ ಹೋದೆ. ತೆಂಗಿನ ನಾರಿನ ವಾಸನೆ ಬಂದದ್ದೇ ನಿಂತುಬಿಟ್ಟೆ. ಅಪ್ಪನ ಹಗ್ಗದ ಅಂಗಡಿ ಅಲ್ಲೇ ಇತ್ತು. ಅವರು ತೀರಿಹೋಗಿ ಮೂರು ತಿಂಗಳಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪ ನಮ್ಮನ್ನು ಕರಾವಳಿಯ ಬಂದರೊಂದಕ್ಕೆ ಕರೆದೊಯ್ದಿದ್ದರು. ಹಿಂದೆಂದೋ ಅಲ್ಲಿ ಹಡಗು ಮುಳುಗಿತ್ತಂತೆ. ಗೈಡ್ ದೀಪಸ್ತಂಭ ತೋರಿಸಿದ, ಸತ್ತವರ ಹೆಸರು ಕೆತ್ತಿದ ಕಲ್ಲು ತೋರಿಸಿದ. ಕೊನೆಗೆ, ಸಮುದ್ರದಿಂದ ಎತ್ತಿ ತಂದ ಹಡಗಿನ ಗಂಟೆ. ಅದರ ಹಗ್ಗ ತುಂಡಾಗಿತ್ತು.

"ವರ್ಷಕ್ಕೊಮ್ಮೆ ಸತ್ತವರಿಗಾಗಿ ಬಾರಿಸುದು. ಈ ಸಲ ಆಗ್ಲೇ ಇಲ್ಲ ಮಾರಾಯ್ರೆ" ಎಂದ ಗೈಡ್.

"ಹಗ್ಗ ತಾನೇ? ಕೊಡಿ ಇಲ್ಲಿ" ಎಂದು ಅಪ್ಪ ನೆಲದ ಮೇಲೆ ಕೂತೇಬಿಟ್ಟರು.

"ರೀ, ಇಲ್ಲೂ ಅಂಗಡಿ ತೆರೀಬೇಡ್ರೀ. ಜನ ನೋಡ್ತಿದಾರೆ" ಎಂದಳು ಅಮ್ಮ.

ಜನ ನಗುತ್ತಲೂ ಇದ್ದರು. ನಾನು ನಾಚಿಕೆಯಿಂದ ಅಮ್ಮನ ಸೆರಗಿನ ಹಿಂದೆ ಸರಿದೆ. ಅಪ್ಪ ಎರಡು ತುದಿಗಳ ಎಳೆ ಬಿಡಿಸಿ, ಒಂದರೊಳಗೊಂದು ತೂರಿಸಿ, ಒಂದು ಗಂಟೂ ಕಾಣದಂತೆ ಹೆಣೆದರು. ಆಮೇಲೆ ಅಂಗಡಿಯಲ್ಲಿ ಮಾಡುವಂತೆ ಮೈಭಾರವೆಲ್ಲ ಬಿಟ್ಟು ಎಳೆದು ನೋಡಿದರು.

ಹಗ್ಗವನ್ನು ಗಂಟೆಗೆ ಕಟ್ಟಿ, "ಈಗ ನೀನು ಬಾರ್ಸಮ್ಮ" ಎಂದರು.

ನಾನು ಬಾರಿಸಿದೆ. ನಗು ನಿಂತಿತು. ಗೈಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಇವರು ನಮ್ಮಪ್ಪ ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತು.

ಇವತ್ತು ಹೊಸ ಹಗ್ಗ ಕೊಳ್ಳದೆ ಮನೆಗೆ ಬಂದೆ. ಕಿತ್ತುಹೋದದ್ದನ್ನೇ ಅಪ್ಪ ಅಂಗಡಿಯಲ್ಲಿ ಕಲಿಸಿದಂತೆ ಹೆಣೆದು, ತಾರಸಿಯ ಕಂಬಕ್ಕೆ ಕಟ್ಟಿ, ಮೈಭಾರ ಬಿಟ್ಟು ಎಳೆದೆ. ಹೆಣಿಗೆ ಬಿಚ್ಚಿಕೊಳ್ಳಲಿಲ್ಲ.