ಛತ್ರದ ಬಾಗಿಲಿನ ಮೂರು ಸ್ವರ

ಹಿಂದಿನ ದಿನ ಬುಧವಾರ. ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದೆ, ಉಪ್ಪು ಕಡಿಮೆಯಾಗಿತ್ತು. ನನ್ನ ಯಜಮಾನರು ಏನೂ ಹೇಳದೆ ಉಪ್ಪಿನಕಾಯಿ ನೆಂಚಿಕೊಂಡು ತಿಂದು ಮಗ್ಗದ ಮುಂದೆ ಕುಳಿತರು. ಹಳೆಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದಿತ್ತು. ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಸೇರಿಸುವ ಕೆಲಸ ನಡೆದಿತ್ತು. ಎರಡು ಎಳೆ ಹಿಡಿದು, ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಹೊಸೆದು ಬಿಡುವುದು. ಮತ್ತೆ ಎರಡು ಎಳೆ. ಅತ್ತೆ ಗೋಡೆಗೆ ಒರಗಿ ಲಾಳಿಗೆ ನೂಲು ಸುತ್ತುತ್ತಿದ್ದರು.

ಕೊಳ್ಳೇಗಾಲದಲ್ಲಿ ನಮ್ಮಂಥವರ ಮನೆಗಳಲ್ಲಿ ಮಗ್ಗವನ್ನು ಬರಿದು ಮಾಡುವುದಿಲ್ಲ. ಸೀರೆ ಮುಗಿದ ಮೇಲೂ ಗೇಣುದ್ದ ಹಾಸು ಉಳಿಸಿಯೇ ಕತ್ತರಿಸುತ್ತೇವೆ. ಹೊಸದನ್ನು ಅದಕ್ಕೆ ಸೇರಿಸುತ್ತೇವೆ. ನಾನು ಮದುವೆಯಾಗಿ ಬಂದಾಗಿನಿಂದ ಆ ಮಗ್ಗ ಒಂದು ದಿನವೂ ಖಾಲಿ ನಿಂತದ್ದನ್ನು ನೋಡಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವರು ತಮ್ಮ ಬ್ಯಾಂಡ್ ಸೆಟ್ಟನ್ನೂ ಹೀಗೇ ನಡೆಸಿದರು.

ಮಧ್ಯಾಹ್ನ ಊಟವಾದ ಮೇಲೆ ಟ್ರಂಬೋನನ್ನು ಜಗಲಿಗೆ ತಂದು, ಅದರ ಉದ್ದನೆಯ ಕೊಳವೆ ಬಿಚ್ಚಿ, ಒರೆಸಿ, ಎಣ್ಣೆ ಸವರಿದರು. ನಮ್ಮ ಬೀದಿಯಲ್ಲಿ ಅದಕ್ಕೆ ಎಳೆಯೋ ಪೀಪಿ ಎಂದೇ ಹೆಸರು. ಊದುತ್ತಾ ಆ ಕೊಳವೆಯನ್ನು ಮುಂದಕ್ಕೆ ತಳ್ಳಿ, ಹಿಂದಕ್ಕೆ ಎಳೆದು ಸ್ವರ ಹಿಡಿಯಬೇಕು.

"ನಾಳೆ ಸಂಜೆ ಯಳಂದೂರು ಕಣಮ್ಮಿ. ಛತ್ರ ಬಸ್ ಸ್ಟ್ಯಾಂಡ್ ಅತ್ರನೇ ಅದೆ. ಒಂದ್ಸಲ ಬಾ. ಬಾಗ್ಲತ್ರ ನಿಂತ್ಕಂಡು ಕೇಳು," ಎಂದರು.

"ಬ್ಯಾಂಡ್ನೋರ ಎಂಡ್ತಿ ಬ್ಯಾಂಡ್ ಇಂದ್ಗಡೆ ಓದ್ರೆ ನೋಡ್ದೋರು ಏನಂದಾರು? ನಾನೂ ಒಂದ್ ಡ್ರಮ್ ತಕಂಡು ಬರ್ಲಾ?" ಎಂದೆ.

"ಅವ್ಳು ಡ್ರಮ್ ತಕಂಡ್ರೆ ನಾನು ತಾಳ ತಕತೀನಿ ಕಣ್ಲಾ. ಮನೆಗೆ ಬೀಗ ಆಕ್ಬುಡನ," ಎಂದರು ಅತ್ತೆ.

ಅವರು ನಕ್ಕರು. ನಾನು, "ಇನ್ನೊಂದ್ ಮದ್ವೆಗೆ ಬತ್ತೀನಿ, ಓಗಿ," ಎಂದೆ. ಹದಿನೆಂಟು ವರ್ಷದಿಂದ ಅವರು ಕರೆಯುತ್ತಿದ್ದರು, ನಾನು ಇದೇ ಮಾತು ಹೇಳುತ್ತಿದ್ದೆ.

ಅವರು ಆ ವಾದ್ಯ ಕಲಿತದ್ದು ಮಾರ್ಟಳ್ಳಿಯ ಒಬ್ಬ ಮುದುಕರಿಂದ. ಆ ಮುದುಕರು ಪ್ರಾಯದಲ್ಲಿ ಊಟಿಯ ಹೋಟೆಲೊಂದರಲ್ಲಿ ಜಾಝ್ ನುಡಿಸುವ ದೊಡ್ಡ ಬ್ಯಾಂಡಿನಲ್ಲಿ ಇದ್ದವರಂತೆ. ಊರಿಗೆ ಬರುವಾಗ ಆ ಟ್ರಂಬೋನ್ ಒಂದನ್ನೇ ತಂದಿದ್ದರು. ನಮ್ಮವರು ಪ್ರತಿ ಭಾನುವಾರ ಹನೂರಿನ ಮೇಲೆ ಬಸ್ಸಿನಲ್ಲಿ ಹೋಗಿ ಆರು ವರ್ಷ ಕಲಿತರು. ಮುದುಕರಿಗೆ ತಮಿಳೇ ಹೆಚ್ಚು. ತಪ್ಪಿದಾಗಲೆಲ್ಲ "ಇನ್ನೊರು ತಡವೆ, ತಂಬಿ" ಎನ್ನುತ್ತಿದ್ದರಂತೆ, ಇನ್ನೊಂದು ಸಲ ಎಂದು. ಮನೆಯಲ್ಲಿ ಎಳೆ ತುಂಡಾದರೆ ನಮ್ಮವರು ನನಗೂ ಹಾಗೇ ಅನ್ನುತ್ತಿದ್ದರು.

ಅಲ್ಲಿಂದ ಬಂದು ಆರು ಜನರನ್ನು ಸೇರಿಸಿ ಸೆಟ್ ಕಟ್ಟಿದರು. ಅದು ಹದಿನಾಲ್ಕು ಜನರದ್ದಾಯಿತು. ಕ್ಲಾರಿಯೋನೆಟ್ ನುಡಿಸುವ ಅಣ್ಣ ಮೊದಲ ದಿನದಿಂದಲೂ ಇದ್ದವರು. ನಮ್ಮ ಹಿಂದಿನ ಬೀದಿಯವರು, ಅವರೂ ನೇಕಾರರೇ. ಎಲ್ಲರೂ ನುಡಿಸುವ ಮದುವೆ ಪದಗಳನ್ನೇ ನಮ್ಮವರ ಸೆಟ್ಟಿನವರು ಓಲಾಡಿಸಿ, ಒಂದು ಪೆಟ್ಟು ತಡೆದು, ಒಂದು ಪೆಟ್ಟು ಜಾರಿಸಿ ನುಡಿಸುತ್ತಿದ್ದರು. ಮಾಂಬಳ್ಳಿಯ ಗೌಡರೊಬ್ಬರು ಮೊದಲ ಸಲ ಕೇಳಿ, "ಯಾಕ್ಲಾ ಪದ ಕುಂಟ್ತಾ ಅದೆ?" ಎಂದಿದ್ದರಂತೆ. "ಕುಂಟ್ತಿಲ್ಲ ಸಾ, ಓಲಾಡ್ತಾ ಅದೆ. ಇದ್ಕೆ ಜಾಝ್ ಅಂತಾರೆ," ಎಂದರಂತೆ ಇವರು. "ಮದ್ವೆ ಗಂಡು ಬೀಳ್ದಂಗೆ ನೋಡ್ಕಳಪ್ಪ" ಎಂದರಂತೆ ಗೌಡರು. ಆಮೇಲೆ ಆ ಮನೆಯ ನಾಲ್ಕು ಮದುವೆಗೂ ಇವರದೇ ಬ್ಯಾಂಡ್.

ಅವರು ಏನನ್ನೂ ಬರೆದಿಡಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಭಾಗವನ್ನು ಬಾಯಲ್ಲಿ ಹಾಡಿ ಕಲಿಸಿದರು. ಮೆರವಣಿಗೆ ಹೊರಟಿತೆಂದರೆ ಪದ ಎಲ್ಲಿಯೂ ಮುಗಿಯಬಾರದು. ಒಂದರ ತುದಿಗೆ ಇನ್ನೊಂದನ್ನು ಹೊಸೆದು ಸೇರಿಸಬೇಕು. ಮುಗಿಸುವ ಜಾಗ ಒಂದೇ, ಛತ್ರದ ಬಾಗಿಲು. ಅಲ್ಲಿ ಅವರು ಕೊಳವೆಯನ್ನು ಮೇಲೆತ್ತುತ್ತಿದ್ದರು. ಡ್ರಮ್ಮುಗಳು ಜೋರಾಗುತ್ತಿದ್ದವು, ಪಟಾಕಿ ಹೊಡೆಯುತ್ತಿದ್ದರು, ಅದರೊಳಗೆ ಅವರು ಮೂರು ಸ್ವರ ಊದುತ್ತಿದ್ದರು. ಮೂರನೆಯದಕ್ಕೆ ಹದಿಮೂರು ಜನರೂ ಒಟ್ಟಿಗೆ ನಿಲ್ಲಬೇಕು. ಮನೆಯಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಆ ಮೂರು ಸ್ವರ ಮಾತ್ರ ಊದುತ್ತಿರಲಿಲ್ಲ. "ಮನೇಲಿ ಮುಗಿಸ್ಬಾರ್ದು" ಎನ್ನುತ್ತಿದ್ದರು. ಮಗ್ಗ ಇರುವ ಮನೆ; ನನಗೆ ಅದು ಸರಿಯಾಗಿಯೇ ಕಂಡಿತ್ತು.

ಗುರುವಾರ ಮಧ್ಯಾಹ್ನ ಹೊರಟರು. ಅರ್ಧ ಹಾಸು ಸೇರಿಸಿದ್ದಾಗಿತ್ತು. "ಉಳಿದಿದ್ದು ನಾಳೆ ಮಾಡ್ತೀನಿ, ನೀ ಮುಟ್ಬೇಡ" ಎಂದರು. ಚಪ್ಪಲಿ ಹಾಕಿಕೊಳ್ಳುವಾಗ ಒಂದು ಕೈ ನನ್ನ ಭುಜದ ಮೇಲಿತ್ತು. ನಾನು ಕೊಡ ಹಿಡಿದು ನಿಂತಿದ್ದೆ, ಬೇಗ ಹಾಕಿಕೊಳ್ಳಬಾರದೇ ಎಂದುಕೊಂಡೆ.

ಏಳು ಗಂಟೆಗೆ ಕ್ಲಾರಿಯೋನೆಟ್ ಅಣ್ಣನ ಫೋನ್ ಬಂತು. "ಅವ್ವಾ" ಎಂದರು. ಹಿಂದೆ ಎಲ್ಲೋ ಪಟಾಕಿ ಸದ್ದು. ನಾನು ಅನ್ನಕ್ಕೆ ಇಟ್ಟಿದ್ದೆ. "ಯಾಕಣ್ಣ, ಗಾಡಿ ಕೆಟ್ಟೋಯ್ತಾ?" ಎಂದು ಕೇಳಿದೆ. ಇದನ್ನು ಬರೆಯುವಾಗಲೂ ನನ್ನ ಆ ಪ್ರಶ್ನೆ ನನಗೇ ಕೇಳಿಸುತ್ತದೆ. ಅವರು ಹೇಳಿದರು. ನಾನು ಸ್ಟವ್ ಆರಿಸಿದೆ. ಅನ್ನ ಆಗಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡಿದೆ. ಇನ್ನೂ ಆಗಿರಲಿಲ್ಲ. ಮತ್ತೆ ಸ್ಟವ್ ಹಚ್ಚಿದೆ. ಅತ್ತೆ, "ಯಾರಮ್ಮಿ ಫೋನು?" ಎಂದರು. ಅನ್ನ ಸೀದ ವಾಸನೆ ಬಂದಾಗ ಅತ್ತೆ ಎದ್ದು ಬಂದು ನನ್ನ ಮುಖ ನೋಡಿದರು.

ಹೇಗಾಯಿತೆಂದು ಅಣ್ಣ ಆಮೇಲೆ ಹೇಳಿದರು. ಟ್ರಂಬೋನಿನ ಕೊಳವೆಯಲ್ಲಿ ಉಸಿರಿನ ನೀರು ಸೇರುತ್ತದೆ. ಆಗಾಗ ಬಗ್ಗಿ, ಅದನ್ನು ನೆಲಕ್ಕೆ ಚೆಲ್ಲಬೇಕು. ಪ್ರತಿ ಮೆರವಣಿಗೆಯಲ್ಲಿ ನಾಲ್ಕೈದು ಸಲ ಅವರು ಬಗ್ಗುತ್ತಿದ್ದರು. ಆಗ ಉಳಿದವರು ನಿಲ್ಲಿಸದೆ ನುಡಿಸುತ್ತಾ ಮುಂದೆ ಹೋಗಬೇಕು, ಅವರು ಬಂದು ಸೇರಿಕೊಳ್ಳುತ್ತಾರೆ. ಅದು ಅವರೇ ಮಾಡಿದ ಪದ್ಧತಿ. ಯಳಂದೂರಿನಲ್ಲಿ ಛತ್ರ ಐವತ್ತು ಹೆಜ್ಜೆ ಇದೆ ಎನ್ನುವಾಗ ಅವರು ಬಗ್ಗಿದರು. ಮಂಡಿ ಊರಿದರು. ಅವರು ನೀರು ಚೆಲ್ಲುತ್ತಿದ್ದಾರೆ ಎಂದುಕೊಂಡು ಬ್ಯಾಂಡಿನವರು ನುಡಿಸುತ್ತಾ ಮುಂದೆ ಹೋದರು.

"ಬಾಗ್ಲತ್ರ ಓಗಿ ನಿಂತ್ಕಂಡ್ವಿ ಕಣವ್ವ. ಆರತಿ ಇಡ್ಕಂಡು ನಿಂತವ್ರೆ. ಅವ್ನು ಬರ್ಲಿ, ಮುಗಿಸ್ಲಿ ಅಂತ ಒಂದೇ ಪದ ಸುತ್ತಿ ಸುತ್ತಿ ನುಡಿಸ್ದೋ. ತಿರುಗಿ ನೋಡ್ಲಿಲ್ಲ. ನಾನು ತಿರುಗಿ ನೋಡ್ಲಿಲ್ಲ ಕಣವ್ವ," ಎಂದರು ಅಣ್ಣ.

ನಮ್ಮವರು ನೆಲದ ಮೇಲೆ ಇದ್ದಷ್ಟು ಹೊತ್ತೂ ಅವರದೇ ಬ್ಯಾಂಡ್ ಮದುವೆ ಪದ ನುಡಿಸುತ್ತಿತ್ತು. ಆಸ್ಪತ್ರೆಗೆ ಹೋಗುವಾಗಲೇ ಜೀವ ಇರಲಿಲ್ಲವಂತೆ. ಡಾಕ್ಟರು, ಬೇಗ ನೋಡಿದ್ದರೂ ಉಳಿಯುತ್ತಿರಲಿಲ್ಲ ಎಂದರಂತೆ. ಅಣ್ಣ ಅದನ್ನು ನನಗೆ ಮೂರು ಸಲ ಹೇಳಿದರು. ನನಗಿಂತ ಅವರಿಗೇ ಆ ಮಾತು ಬೇಕಾಗಿತ್ತು.

ಮಾರನೆಯ ದಿನ ಹದಿಮೂರು ಜನರೂ ಸಮವಸ್ತ್ರ ಹಾಕಿಕೊಂಡು ಮನೆ ಮುಂದೆ ನಿಂತರು. ಬೀದಿಯ ಹಿರಿಯರೊಬ್ಬರು, "ಮದ್ವೆ ಪದ ಸಾವಿಗೆ ಊದ್ತೀರೇನ್ರಲಾ?" ಎಂದು ಗದರಿದರು. ಅತ್ತೆ ಮಗನ ತಲೆಯ ಹತ್ತಿರ ಕುಳಿತಿದ್ದರು. ತಲೆ ಎತ್ತದೆ, "ಊದ್ಲಿ ಬುಡಿ. ಅವ್ನಿಗೆ ಬ್ಯಾರೆ ಪದ ಬರ್ತಿರ್ಲಿಲ್ಲ," ಎಂದರು.

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಬೀದಿಯ ತಿರುವಿನವರೆಗೆ ಹೋಗಿ ನಿಂತೆ. ಬ್ಯಾಂಡ್ ದೂರವಾಯಿತು. ಮನೆಗೆ ಬಂದು ನೆಲ ತೊಳೆದೆವು. ಸದ್ದು ಕೇಳುತ್ತಲೇ ಇತ್ತು. ಸ್ನಾನ ಮಾಡಿ ಬಂದೆ, ಇನ್ನೂ ಕೇಳುತ್ತಿತ್ತು. ಒಂದು ಪದ ಇನ್ನೊಂದಕ್ಕೆ ಸೇರುತ್ತಿತ್ತು, ಅದು ಮತ್ತೊಂದಕ್ಕೆ, ತಿರುಗಿ ಮೊದಲಿನದು. ಪಕ್ಕದ ಮನೆಯಾಕೆ, "ಇನ್ನೂ ಓಗಿಲ್ವಾ ಅವ್ರು?" ಎಂದಳು. ಹೋಗಿ ಎಷ್ಟೋ ಹೊತ್ತಾಗಿತ್ತು. ಸ್ಮಶಾನದಲ್ಲಿ ಎಲ್ಲ ಮುಗಿಯುತ್ತಾ ಬಂದಿದ್ದರೂ ಬ್ಯಾಂಡಿನವರಿಗೆ ನಿಲ್ಲಿಸಲು ಬರಲಿಲ್ಲ. ಯಾರು ನಿಲ್ಲಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಟ್ರಂಪೆಟ್ಟಿನವರು ತುಟಿ ಸೋತು ನಿಲ್ಲಿಸಿಬಿಟ್ಟರಂತೆ. ಆಮೇಲೆ ಇನ್ನೊಬ್ಬರು. ನನಗೆ ಕೊನೆಗೆ ಕೇಳಿಸಿದ್ದು ದೊಡ್ಡ ಡ್ರಮ್ಮೊಂದೇ. ಅದೂ ಒಂದು ಪೆಟ್ಟಿನ ನಡುವೆ ನಿಂತಿತು.

ಹನ್ನೊಂದನೆಯ ದಿನ ಕಳೆದ ಮೇಲೆ ಅಣ್ಣ ಬಂದರು. ಮಾಂಬಳ್ಳಿಯ ಅದೇ ಗೌಡರ ಮನೆಯಲ್ಲಿ ಮದುವೆ ಇತ್ತು, ನಮ್ಮವರೇ ಒಪ್ಪಿಕೊಂಡದ್ದು. ಅದನ್ನು ನುಡಿಸಿಯೇ ತೀರಬೇಕೆಂದು ಎಲ್ಲರ ಮನಸ್ಸು. "ಆ ಮೂರು ಸ್ವರ ಏಳವ್ವ. ನೀ ದಿನಾ ಕೇಳ್ದೋಳು," ಎಂದರು.

ನನಗೆ ಗೊತ್ತಿಲ್ಲ ಎಂದೆ. ಅವರು ನಂಬಲಿಲ್ಲ. ನಾನು ನಿಮ್ಮನ್ನೇ ಕೇಳಬೇಕೆಂದಿದ್ದೆ ಎಂದೆ. ಆಗ ಅವರು ತಲೆ ತಗ್ಗಿಸಿ, ಹದಿಮೂರು ಜನರೂ ಕೂತು ಹಾಡಿ ನೋಡಿದ್ದಾಗಿ ಹೇಳಿದರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಬಂದಿತ್ತು. ಅವರೆಲ್ಲ ನೂರಾರು ಸಲ ಆ ಸ್ವರಗಳ ಪಕ್ಕದಲ್ಲೇ ನಿಂತವರು. ಆದರೆ ಆ ಹೊತ್ತಿನಲ್ಲಿ ಅವರ ಕಣ್ಣು ಕೊಳವೆಯ ಮೇಲೆ, ಕಿವಿ ತಮ್ಮ ತಮ್ಮ ವಾದ್ಯದ ಮೇಲೆ. ಎಲ್ಲಿ ನಿಲ್ಲಬೇಕೆಂದು ನೋಡಿಯೇ ಕಲಿತಿದ್ದರು.

ಫೋನುಗಳಲ್ಲಿದ್ದ ಹಳೆಯ ಮದುವೆಗಳ ವಿಡಿಯೋಗಳಲ್ಲಿ ಹುಡುಕಿದೆವು. ಬಾಗಿಲ ಹತ್ತಿರ ಬಂದ ಕೂಡಲೇ ಪಟಾಕಿಯ ಸದ್ದು, ಡ್ರಮ್ಮು, ಅಷ್ಟೇ. ಅಣ್ಣ ನನ್ನನ್ನು ಹನೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದರು. ಸ್ಟುಡಿಯೋದವನು ಹನೂರು, ಒಡೆಯರಪಾಳ್ಯದ ಕಡೆಯ ಮದುವೆಗಳ ವಿಡಿಯೋ ಮಾಡುವವನು. ಅವನು ಒಂದು ಮದುವೆ ಹುಡುಕಿ ಕಂಪ್ಯೂಟರಿನಲ್ಲಿ ಹಾಕಿದ.

ಪರದೆಯ ಮೇಲೆ ನಮ್ಮವರು ಬಂದರು. ಕೆನ್ನೆ ಉಬ್ಬಿತ್ತು, ಹಣೆಯಲ್ಲಿ ಬೆವರು. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಛತ್ರದ ಬಾಗಿಲು ಕಂಡಿತು. ಕೊಳವೆ ಮೇಲೆದ್ದಿತು. ಆ ಕ್ಷಣಕ್ಕೆ ಬ್ಯಾಂಡಿನ ಸದ್ದೇ ಹೋಗಿ, ಯಾವುದೋ ಸಿನಿಮಾ ಹಾಡು ಬಂತು. ಅವರು ಊದುತ್ತಲೇ ಇದ್ದರು.

"ಆರತಿ ಸೀನ್‌ಗೆ ನಾವು ಸಾಂಗ್ ಆಕ್ಬುಡ್ತೀವಿ ಅಕ್ಕ," ಎಂದ ಸ್ಟುಡಿಯೋದವನು. ಅವನಿಗೆ ನಾನು ಯಾರೆಂದು ಅಣ್ಣ ಹೇಳಿರಲಿಲ್ಲ.

"ಒರಿಜಿನಲ್ ಸೌಂಡು?" ಎಂದರು ಅಣ್ಣ.

"ಅದ್ನ ಯಾರ್ ಮಡಿಕತಾರೆ ಸಾ? ಬರೀ ಗಲಾಟೆ."

ಅಣ್ಣ ಅದನ್ನೇ ಹತ್ತು ಸಲ ಹಾಕಿಸಿದರು. ತಮ್ಮ ಕೈಯನ್ನು ಗಾಳಿಯಲ್ಲಿ ನಮ್ಮವರ ಕೈಯಂತೆ ಚಾಚಿ ಅಳೆದರು. ಮೊದಲು ತುಂಬಾ ದೂರ, ಆಮೇಲೆ ಅರ್ಧ, ಕೊನೆಗೆ ಮುಖದ ಹತ್ತಿರ. "ಕೊಳ್ವೆ ನಿಂತ ಮೂರು ಜಾಗ ಗೊತ್ತಾಯ್ತು ಕಣವ್ವ" ಎಂದಾಗ ಅವರ ಮುಖ ಬೆಳಗಿತು. ಆದರೆ ಮರುಕ್ಷಣವೇ ಅವರು ಕೈ ಇಳಿಸಿದರು. "ಒಂದೇ ಜಾಗ್ದಲ್ಲಿ ತುಟಿ ಬಿಗಿ ಮಾಡಿದ್ರೆ ಒಂದು ಸ್ವರ, ಸಡ್ಲ ಬುಟ್ರೆ ಇನ್ನೊಂದು. ನಾಕೈದು ಬತ್ತವೆ. ತುಟಿ ಕಾಣಕಿಲ್ವಲ್ಲವ್ವ," ಎಂದರು. ತುಟಿಯನ್ನು ವಾದ್ಯದ ಹಿತ್ತಾಳೆ ಬಾಯಿ ಮುಚ್ಚಿತ್ತು.

ಮಾಂಬಳ್ಳಿಯ ಮದುವೆಗೆ ಹೋದೆ. ಕರೆದಾಗ ಹೋಗದವಳು, ಆಗ ಹೋದೆ. ನನ್ನಂಥವಳು ಈಗ ಮದುವೆ ಮನೆಯ ಬಾಗಿಲಲ್ಲಿ ನಿಲ್ಲುವ ಹಾಗಿಲ್ಲ. ಎದುರಿನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕುಳಿತೆ. ಬ್ಯಾಂಡ್ ಓಲಾಡುತ್ತಾ ಬಂತು. ಇಷ್ಟು ಚೆನ್ನಾಗಿ ನುಡಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ಸಾಲಿನ ನಡುವೆ ಅವರ ಜಾಗ ಬಿಟ್ಟಿದ್ದರು. ಬಾಗಿಲ ಹತ್ತಿರ ಅಣ್ಣ ಕ್ಲಾರಿಯೋನೆಟ್ಟನ್ನು ಮೇಲೆತ್ತಿ ಕೆಳಗಿಳಿಸಿದರು. ಎಲ್ಲರೂ ಒಟ್ಟಿಗೆ ನಿಂತರು. ಮುದುಕ ಗೌಡರು ಸುತ್ತ ನೋಡಿ, "ಯಾಕ್ಲಾ, ಮುಗೀತಾ?" ಎಂದರು.

ಉಳಿದ ಹಾಸನ್ನು ನಾನೇ ಸೇರಿಸಿದೆ. ಅವರು ಎಲ್ಲಿಯವರೆಗೆ ಹೊಸೆದಿದ್ದರು, ಎಲ್ಲಿಂದ ನನ್ನದು ಎಂದು ಮುಟ್ಟಿದರೆ ತಿಳಿಯುತ್ತಿತ್ತು. ನೇಯುತ್ತಾ ಆ ಜಾಗವನ್ನು ದಾಟಿದೆ. ಟ್ರಂಬೋನ್ ಗೋಡೆಯ ಮೊಳೆಯಲ್ಲಿದೆ. ಕೊಳವೆ ಬಿಗಿದುಕೊಳ್ಳಬಾರದೆಂದು ಅಣ್ಣ ತಿಂಗಳಿಗೊಮ್ಮೆ ಬಂದು ಎಣ್ಣೆ ಸವರುತ್ತಾರೆ. ಕೈ ಎಲ್ಲೆಲ್ಲಿ ನಿಲ್ಲಬೇಕೆಂದು ನನಗೂ ತೋರಿಸಿಕೊಟ್ಟಿದ್ದಾರೆ. ಆ ಮೂರು ಜಾಗ ಈಗ ನನಗೂ ಗೊತ್ತು. ಮೂರು ಸ್ವರ ನಮ್ಮ ಯಾರ ಹತ್ತಿರವೂ ಇಲ್ಲ.