ನಿಮ್ಮಪ್ಪ ನಂಬಿದ ಸುದ್ದಿ

ರೇಣುಕಾ, ಆ ಶಾಲುಗಳನ್ನು ನಿಮ್ಮ ಕೈಗೆ ಕೊಟ್ಟವನು ನಾನು. ಮರುದಿನ ಪತ್ರಿಕೆಯಲ್ಲಿ ‘ಪಕ್ಷದ ಶಾಲು ಹೊದ್ದ ವಿದ್ಯಾರ್ಥಿನಿಯರು’ ಎಂದು ಬರೆದವನೂ ನಾನೇ. ಆರು ವರ್ಷದಿಂದ ಈ ಮಾತನ್ನು ನುಂಗಿಕೊಂಡು ಕೂತಿದ್ದೇನೆ.

ನಿನಗೆ ನೆನಪಿರುತ್ತದೆ — ಮರೆಯುವುದಾದರೂ ಹೇಗೆ? ನಿಮ್ಮೂರಿನ ಬೆಳಗಿನ ಬಸ್ಸು ನಿಂತು ಹದಿನೈದು ದಿನವಾಗಿತ್ತು. ಕಾಲೇಜಿಗೆ ಬರುವ ಒಂಬತ್ತು ಹುಡುಗಿಯರು ಸಿಂದಗಿ ಬಸ್ ನಿಲ್ದಾಣದ ಎದುರು ನೆಲದ ಮೇಲೆ ಕುಳಿತಿರಿ. ಬೇಸಿಗೆಯ ಬಿಸಿಲು. ಹಿಂದಿನ ದಿನ ಪಕ್ಕದಲ್ಲೇ ವಿರೋಧ ಪಕ್ಷದ ಸಭೆ ನಡೆದಿತ್ತು. ಹಂಚಿ ಉಳಿದ ಶಾಲುಗಳ ಗಂಟು ಇನ್ನೂ ಅಲ್ಲೇ ಬಿದ್ದಿತ್ತು. ನಿಮ್ಮಲ್ಲೊಬ್ಬಳಿಗೆ ಕಣ್ಣುಕತ್ತಲೆ ಬಂದಾಗ ನಾನೇ ಗಂಟು ಬಿಚ್ಚಿ, “ತಗೋರವ್ವಾ, ತಲಿ ಮ್ಯಾಲ ಹಾಕ್ಕೋರಿ” ಎಂದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಈಗ ಅದನ್ನು ಹೇಳಿ ಹಗುರಾಗಲು ಹೊರಟರೆ ಅದೂ ಕಪಟವೇ.

ಸಂಜೆ ಸುದ್ದಿ ಮತ್ತು ಫೋಟೊ ಕಳಿಸಿದೆ. ಪತ್ರಿಕೆಯ ಜಿಲ್ಲಾ ಕಚೇರಿಯಿಂದ ಫೋನು ಬಂತು. ನಮ್ಮ ಮಾಲೀಕರು ಶಾಸಕರ ಕಡೆಯವರೆಂದು ಮನೆಮನೆಗೆ ಪೇಪರು ಹಾಕುವವನಿಗೂ ಗೊತ್ತಿತ್ತು. ಮುಖಪುಟದಲ್ಲಿ ಮಾತ್ರ ನಾವು ಯಾರ ಕಡೆಯೂ ಅಲ್ಲ.

“ಬಸ್ ನಿಂತದ್ದು ಸುದ್ದಿ ಅಲ್ಲೋ. ಎಲ್ಲಾರ ತಲಿ ಮ್ಯಾಲ ಶಾಲು ಅದಾವಲ್ಲ, ಅದು ಸುದ್ದಿ. ತಿದ್ದಿ ಕಳಸು.”

ಶಾಲು ಕೊಟ್ಟದ್ದು ನಾನು — ಇಷ್ಟೇ ಹೇಳಬೇಕಿತ್ತು. “ಆತ್ರಿ ಸರ್” ಎಂದೆ. ಬೆಳಿಗ್ಗೆ ಮೊದಲು ತೆಗೆದ ಫೋಟೊ ಒಂದು ನನ್ನ ಮೊಬೈಲಿನಲ್ಲೇ ಇತ್ತು: ಬರಿದಲೆಯ ಒಂಬತ್ತು ಹುಡುಗಿಯರು, ನಿನ್ನ ಕೈಯಲ್ಲಿ ‘ನಮಗೆ ಬಸ್ ಬೇಕು’ ಎಂದು ಬರೆದ ರಟ್ಟು. ಅದನ್ನು ಕಳಿಸಲಿಲ್ಲ. ‘ಬಸ್ಸಿನ ನೆಪ’, ‘ವಿರೋಧಿಗಳ ಕುಮ್ಮಕ್ಕು’ — ಇಂಥ ಮಾತುಗಳು ನನಗೆ ಬಾಯಿಪಾಠ. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ.

ಅಕ್ಷರ ಬಾರದ ನಿಮ್ಮಪ್ಪನಿಗೆ ದಿನವೂ ಪೇಪರು ಓದಿ ಹೇಳುತ್ತಿದ್ದವಳು ನೀನು ಎಂದು ನನಗೆ ಆಮೇಲೆ ತಿಳಿಯಿತು. ನೀನೇ ಬಂದು ಹೇಳಿದೆ. ಆ ದಿನ ಮೂರನೆಯ ಪುಟಕ್ಕೆ ಬಂದಾಗ ಆ ಸುದ್ದಿಯನ್ನು ಬಿಟ್ಟು ಮುಂದೆ ಹೋಗಬಹುದಿತ್ತಲ್ಲ, ತಾಯಿ? ನೀನು ಹೋಗಲಿಲ್ಲ. ನಿನ್ನದೇ ಸುದ್ದಿಯನ್ನು ಇದ್ದದ್ದು ಇದ್ದಹಾಗೆ ಓದಿದೆ. ಆಮೇಲೆ, ಇದು ಸುಳ್ಳು ಅಪ್ಪಾ, ಎಂದೆ. ನಿಮ್ಮಪ್ಪ ಕೇಳಿದರಂತೆ: “ಪೇಪರದವ್ರಿಗೆ ನಿನ್ನ ಮ್ಯಾಲ ಏನ್ ವೈರ ಐತಿ?” ಅಲ್ಲಿಗೆ ನಿನ್ನ ಕಾಲೇಜು ಮುಗಿಯಿತು.

ನೀನು ನನ್ನೆದುರು ನಿಂತು ಕೇಳಿದ್ದು ಒಂದೇ ಮಾತು. “ಕಾಕಾ, ಶಾಲು ನೀವ ಕೊಟ್ರಲ್ಲಾ. ಅದೊಂದು ಬಂದು ಅಪ್ಪಗ ಹೇಳ್ರಿ. ನಿಮ್ಮ ಮಾತು ನಂಬತಾನ.”

“ಸೋಮವಾರ ಬರ್ತೇನವ್ವಾ” ಎಂದೆ.

ಆ ಸೋಮವಾರ ಇಂಡಿ ಪಟ್ಟಣದಲ್ಲಿ ಏನೋ ಕಾರ್ಯಕ್ರಮವಿತ್ತು. ಇರದಿದ್ದರೂ ಬರುತ್ತಿರಲಿಲ್ಲ. ನಿಮ್ಮಪ್ಪನೆದುರು ಒಪ್ಪಿಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ಮಾಲೀಕರಿಗೆ — ನನಗೆ ಈ ಕೆಲಸ ಬಿಟ್ಟರೆ ಬೇರೆ ಬರದು. ಎರಡು ತಿಂಗಳಿಗೆ ನಿಮ್ಮೂರಿಗೆ ಬಸ್ಸು ಮತ್ತೆ ಬಂತು. ಶಾಸಕರ ಸತತ ಪ್ರಯತ್ನದಿಂದ, ಎಂದು ಅದನ್ನೂ ನಾನೇ ಬರೆದೆ. ಉಳಿದ ಹುಡುಗಿಯರು ಅದರಲ್ಲಿ ಕಾಲೇಜಿಗೆ ಬಂದರು. ನಿನ್ನನ್ನು ಅಷ್ಟರಲ್ಲಿ ಮುದ್ದೇಬಿಹಾಳಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು.

ಹೋದ ವಾರ ನಿಮ್ಮಪ್ಪ ನಿಲ್ದಾಣದ ಹೋಟೆಲಿನಲ್ಲಿ ಸಿಕ್ಕರು. “ಸಾಹೇಬ್ರ” ಎಂದು ಕೂಗಿದಾಗ ನಾನು ಕುಂಬಳಕಾಯಿ ಕಳ್ಳನಂತೆ ಬೆಚ್ಚಿದೆ. ನಾನು ಬೇಡವೆಂದರೂ ಅವರು ಬಿಡದೆ ಚಹಾ ಕುಡಿಸಿದರು.

“ಮಂದಿ ಈಗ ಪೇಪರು, ಟೀವಿ ಎಲ್ಲಾ ಸುಳ್ಳು ಅಂತಾರ್ರಿ. ನಾ ಒಪ್ಪೂದಿಲ್ಲ. ಅವತ್ತು ನೀವು ಬರೀಲಿಲ್ಲಂದ್ರ ನನ್ನ ಮಗಳು ಯಾರ ಹಿಂದ ಅಡ್ಡ್ಯಾಡಾಕತ್ತಾಳ ಅಂತ ನನಗ ಗೊತ್ತ ಆಗ್ತಿದ್ದಿಲ್ಲ. ನನ್ನ ಮರ್ಯಾದಿ ಉಳಿಸಿದ್ರಿ.”

ಆ ಚಹಾ ಕುಡಿದೆ, ರೇಣುಕಾ. ಪೂರ್ತಿ ಕುಡಿದೆ. ಊರೇ ಪೇಪರನ್ನು ಸುಳ್ಳೆಂದು ಬೈಯುವಾಗ ನನಗೆ ಏನೂ ಆಗುವುದಿಲ್ಲ; ನಂಬುವ ಈ ಒಬ್ಬ ಮನುಷ್ಯನ ಎದುರು ಕೂತಿರಲು ಆಗುವುದಿಲ್ಲ. ಸುಮ್ಮನಿದ್ದರೆ ನೀನು ಅವರ ಪಾಲಿಗೆ ಎಂದೆಂದಿಗೂ ಸುಳ್ಳುಗಾತಿ. ನಿಜ ಹೇಳಿದರೆ, ಮಗಳ ಓದನ್ನು ಸುಳ್ಳು ನಂಬಿ ಮುರಿದೆನೆಂಬ ಸಂಕಟ ಈ ವಯಸ್ಸಿನಲ್ಲಿ ಅವರಿಗೆ. ಎರಡೂ ಕಡೆ ಬಾಗಿಲು ಹಾಕಿಕೊಂಡವನು ನಾನೇ. ಬೇರೆ ಯಾರನ್ನು ದೂರಲಿ?

ನಮ್ಮ ಪತ್ರಿಕೆ ಇದನ್ನು ಅಚ್ಚು ಮಾಡುವುದಿಲ್ಲ. ಹಾಗಾಗಿ ಎರಡು ಪ್ರತಿ ಬರೆದಿದ್ದೇನೆ. ಒಂದು ನಿನಗೆ, ಆ ಮೊದಲ ಫೋಟೊದ ಜೊತೆ. ಇನ್ನೊಂದನ್ನು ಹಿಡಿದು ಈ ಸೋಮವಾರ ನಿಮ್ಮೂರಿನ ಬೆಳಗಿನ ಬಸ್ಸು ಹತ್ತುತ್ತೇನೆ. ನಿಮ್ಮಪ್ಪ ಹಾಳೆಯನ್ನು ತಿರುಗಿಸಿ ನೋಡಿ, ನನ್ನ ಕೈಗೇ ಕೊಟ್ಟು, “ಓದ್ರಿ ಸಾಹೇಬ್ರ” ಎನ್ನುತ್ತಾರೆ. ಈಗ ಮನೆಯಲ್ಲಿ ಓದಿ ಹೇಳಲು ನೀನಿಲ್ಲವಲ್ಲ.

ಓದುತ್ತೇನೆ. ಆ ದಿನ ನೀನು ಓದಿದ ಹಾಗೆ, ಒಂದು ಸಾಲನ್ನೂ ಬಿಡದೆ.